ಹಾಸನದಲ್ಲಿ ಕೂತು ಜಗತ್ತಿನ ಬಡತನಕ್ಕೆ ಏನು ಮಾಡೋಕಾಗುತ್ತೆ?

ಪ್ರಶ್ನೆ: ನಾನು ಹಾಸನದಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಸಕಲೇಶಪುರದ ಹತ್ತಿರ ನಮ್ಮದು ಎರಡು ಎಕರೆ ಕಾಫಿ ಇದೆ. ಜಗತ್ತಿನ ಬಡತನದ ವಿರುದ್ಧ ನಡೆಯುವ ಅಭಿಯಾನಕ್ಕೆ ಸ್ವಯಂಸೇವಕಿಯಾಗಿ ಸೇರಬೇಕು ಅಂತ ಆಸೆ. ಅಪ್ಪ ಮಾತ್ರ ‘ಅದೆಲ್ಲಾ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ’ ಅಂತಾರೆ. ಸಹಿ ಹಾಕಿಸಿ, ಬ್ಯಾನರ್ ಹಿಡಿದರೆ ನಿಜವಾಗಿ ಏನಾದರೂ ಆಗುತ್ತಾ?

ಅಕ್ಟೋಬರ್ ಬಂತೆಂದರೆ ಈ ಪ್ರಶ್ನೆ ಒಬ್ಬರಲ್ಲ ಒಬ್ಬರು ಕೇಳುತ್ತಾರೆ. ಅಕ್ಟೋಬರ್ 17 ವಿಶ್ವಸಂಸ್ಥೆಯ ಬಡತನ ನಿರ್ಮೂಲನಾ ದಿನ. ಕಾಲೇಜಿನಲ್ಲಿ ಒಂದು ಜಾಥಾ, ಒಂದು ಭಾಷಣ, ಒಂದು ಗ್ರೂಪ್ ಫೋಟೋ. ಆ ಮಟ್ಟಿಗೆ ನಿಮ್ಮ ತಂದೆಯವರ ಮಾತು ಸರಿಯೇ. ಆದರೆ ಸಹಿ ಹಾಕಿಸಿದ್ದರಿಂದ ನಿಜವಾಗಿ ಕೆಲಸ ಆದದ್ದೂ ಇದೆ.

1990ರ ದಶಕದಲ್ಲಿ ಆಫ್ರಿಕಾದ ಎಷ್ಟೋ ದೇಶಗಳು ಹಳೇ ಸಾಲದ ಬಡ್ಡಿ ಕಟ್ಟಿಯೇ ಸುಸ್ತಾಗಿದ್ದವು. ಶಾಲೆಗೆ, ಆಸ್ಪತ್ರೆಗೆ ಇಡಬೇಕಾದ ದುಡ್ಡು ಬಡ್ಡಿಗೆ ಹೋಗುತ್ತಿತ್ತು. ಬಡ್ಡಿ ಕಟ್ಟೋಕೆ ಇನ್ನೊಂದು ಸಾಲ ಮಾಡುವುದು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಆಗ ‘ಜೂಬಿಲಿ 2000’ ಅನ್ನೋ ಅಭಿಯಾನ ಹುಟ್ಟಿತು. ಅದರ ಬೇಡಿಕೆ ಒಂದೇ: ಸಾಲ ಮನ್ನಾ ಮಾಡಿ. 1998ರ ಮೇನಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಿ-8 ಅನ್ನೋ ಎಂಟು ಬಲಾಢ್ಯ ದೇಶಗಳ ಕೂಟದ ನಾಯಕರು ಸೇರಿದ್ದಾಗ ಸುಮಾರು 70 ಸಾವಿರ ಜನ ಕೈಕೈ ಹಿಡಿದು ಸರಪಳಿ ಕಟ್ಟಿ ನಿಂತರು. ಸಹಿ ಸೇರಿದ್ದು 2 ಕೋಟಿ 40 ಲಕ್ಷ. 2005ರಲ್ಲಿ ‘ಮೇಕ್ ಪಾವರ್ಟಿ ಹಿಸ್ಟರಿ’ ಅಂತ ಇನ್ನೊಂದು ಅಲೆ ಎದ್ದಿತು. ಹುಡುಗ ಹುಡುಗಿಯರ ಕೈಯಲ್ಲೆಲ್ಲಾ ಬಿಳಿ ಪಟ್ಟಿ. ಆ ವರ್ಷ ಸ್ಕಾಟ್ಲೆಂಡಿನ ಗ್ಲೆನೀಗಲ್ಸ್‌ನಲ್ಲಿ ಸೇರಿದ ಜಿ-8 ನಾಯಕರು, ಮೊದಲ ಕಂತಿನಲ್ಲಿ 18 ಬಡ ದೇಶಗಳು ವಿಶ್ವಬ್ಯಾಂಕ್ ಮುಂತಾದ ಸಂಸ್ಥೆಗಳಿಗೆ ಕೊಡಬೇಕಿದ್ದ ಸಾಲ ಮನ್ನಾ ಮಾಡಲು ಒಪ್ಪಿದರು. ಅದರಲ್ಲಿ ಝಾಂಬಿಯಾ ಒಂದು. ಸಾಲದ ಹೊರೆ ಇಳಿದ ಮೇಲೆ, 2006ರ ಏಪ್ರಿಲ್‌ನಲ್ಲಿ ಆ ದೇಶ ಹಳ್ಳಿಗಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಂದ ಹಣ ಕೇಳುವುದನ್ನು ನಿಲ್ಲಿಸಿತು.

ಅದೇ ಗ್ಲೆನೀಗಲ್ಸ್‌ನಲ್ಲಿ ಇನ್ನೊಂದು ಮಾತೂ ಕೊಟ್ಟಿದ್ದರು. 2010ರ ಹೊತ್ತಿಗೆ ಬಡ ದೇಶಗಳಿಗೆ ಕೊಡುವ ನೆರವನ್ನು ವರ್ಷಕ್ಕೆ 50 ಬಿಲಿಯನ್ ಡಾಲರ್‌ನಷ್ಟು ಏರಿಸುತ್ತೇವೆ ಅಂತ. ಅದು ಪೂರ್ತಿ ಆಗಲಿಲ್ಲ. ನನಗನಿಸುವುದು ಇಷ್ಟು: ಸಾಲ ಮನ್ನಾ ಒಂದು ಸಲದ ತೀರ್ಮಾನ, ಆಯಿತೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ನೆರವು ವರ್ಷ ವರ್ಷ ಕೊಡುವಂಥದ್ದು. ಬಿಳಿ ಪಟ್ಟಿ ಕಟ್ಟಿದವರಲ್ಲಿ ಎಷ್ಟು ಜನ ಐದು ವರ್ಷ ಕೂತು ಲೆಕ್ಕ ಕೇಳಿದರು?

ಲೆಕ್ಕ ಕೇಳದೆ ಇದ್ದವರಲ್ಲಿ ನಾನೂ ಒಬ್ಬ. ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನಲ್ಲಿದ್ದಾಗ ಬೇಲೂರಿನ ಹತ್ತಿರ ಒಂದು ಹಳ್ಳಿಯಲ್ಲಿ ಏಳು ದಿನದ ಕ್ಯಾಂಪ್ ಮಾಡಿದ್ದೆವು. ಬೆಳಗ್ಗೆ ಶ್ರಮದಾನ, ಸಂಜೆ ಹಾಡು, ನಾಟಕ. ಚರಂಡಿ ಬಳಿದೆವು, ಗೋಡೆ ಮೇಲೆ ಘೋಷಣೆ ಬರೆದೆವು. ಒಂದೂವರೆ ತಿಂಗಳು ಬಿಟ್ಟು ಬಸ್ಸಿನಲ್ಲಿ ಆ ಕಡೆ ಹೋದೆ. ಘೋಷಣೆ ಇತ್ತು, ಚರಂಡಿ ಕಟ್ಟಿಕೊಂಡಿತ್ತು. ಪಂಚಾಯಿತಿಯವರನ್ನು ಒಂದು ಮಾತು ಕೇಳಬೇಕು ಅಂತ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಹಾಗಾಗಿ ಯಾವುದಾದರೂ ಅಭಿಯಾನಕ್ಕೆ ಸೇರುವ ಮೊದಲು ಕೇಳಿ: ನೀವು ಯಾರ ಹತ್ತಿರ, ಏನು ಕೇಳುತ್ತಿದ್ದೀರಿ? ‘ಜಾಗೃತಿ ಮೂಡಿಸುತ್ತೇವೆ’ ಅಂತ ಮಾತ್ರ ಉತ್ತರ ಬಂದರೆ ಸ್ವಲ್ಪ ಯೋಚಿಸಿ. ಇನ್ನೊಂದು ತರಹದವರೂ ಇದ್ದಾರೆ. ‘ಇಂಟರ್ನ್‌ಶಿಪ್’ ಅಂತ ಸೇರಿಸಿಕೊಂಡು, ನೆಂಟರಿಂದ ಇಷ್ಟು ಸಾವಿರ ದೇಣಿಗೆ ತನ್ನಿ, ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವವರು. ನಮ್ಮ ಬೀದಿಯ ಹುಡುಗನೊಬ್ಬ ತಿಂಗಳು ಪೂರ್ತಿ ಚಿಕ್ಕಪ್ಪ, ಸೋದರಮಾವ ಎಲ್ಲರಿಗೂ ಕ್ಯೂಆರ್ ಕೋಡ್ ಕಳಿಸಿದ. ದುಡ್ಡು ಎಲ್ಲಿಗೆ ಹೋಯಿತು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಂಥ ಕಡೆ ಹೋಗಬೇಡಿ.

ಇನ್ನು ಜಗತ್ತಿನ ಬಡತನ ಅಂದರೆ ಎಲ್ಲೋ ಆಫ್ರಿಕಾದ್ದು ಅಂದುಕೊಂಡಿದ್ದರೆ, ನಿಮ್ಮ ತೋಟದಿಂದಲೇ ಶುರು ಮಾಡಿ. ಕಾಫಿ ರೇಟು ಸಕಲೇಶಪುರದಲ್ಲೋ ಚಿಕ್ಕಮಗಳೂರಿನಲ್ಲೋ ಹುಟ್ಟುವುದಲ್ಲ. ಅರೇಬಿಕಾ ತಳಿಗೆ ನ್ಯೂಯಾರ್ಕ್ ಮಾರುಕಟ್ಟೆ, ರೊಬಸ್ಟಾ ತಳಿಗೆ ಲಂಡನ್. 1989ರವರೆಗೆ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅನ್ನುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ಕೋಟಾ ಇತ್ತು. ಅದು ಮುರಿಯಿತು. ವಿಯೆಟ್ನಾಂನಲ್ಲಿ ಬೆಳೆ ಜಾಸ್ತಿ ಆಯಿತು. 2001ರ ಕೊನೆಗೆ ನ್ಯೂಯಾರ್ಕ್‌ನಲ್ಲಿ ಪೌಂಡಿಗೆ 50 ಸೆಂಟ್‌ಗಿಂತ ಕೆಳಕ್ಕೆ ಇಳಿಯಿತು. ಪೌಂಡ್ ಅಂದರೆ ಅರ್ಧ ಕೆಜಿಗೂ ಸ್ವಲ್ಪ ಕಡಿಮೆ. ಇಥಿಯೋಪಿಯಾದ ಬೆಳೆಗಾರ, ಮೂಡಿಗೆರೆಯ ಬೆಳೆಗಾರ, ಇಬ್ಬರೂ ಒಟ್ಟಿಗೇ ಮುಳುಗಿದರು. 2002ರಲ್ಲಿ ಆಕ್ಸ್‌ಫಾಮ್ ಸಂಸ್ಥೆ ಇದನ್ನೇ ಹಿಡಿದು, ದೊಡ್ಡ ಕಾಫಿ ಕಂಪನಿಗಳು ರೈತರಿಗೆ ಸರಿಯಾದ ಬೆಲೆ ಕೊಡಲಿ ಅಂತ ಅಭಿಯಾನ ಮಾಡಿತು. ಆ ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಹೇಗಿತ್ತು ಅಂತ ಅಪ್ಪನನ್ನೇ ಕೇಳಿ ನೋಡಿ.

2025ರ ಫೆಬ್ರವರಿಯಲ್ಲಿ ಅದೇ ನ್ಯೂಯಾರ್ಕ್ ರೇಟು 4 ಡಾಲರ್ ದಾಟಿತು. ಬೆಳೆಗಾರರು ಉಸಿರುಬಿಟ್ಟರು. ಆದರೆ ಆ ಏರಿಕೆ ತೋಟದ ಕೂಲಿಯವರು ಇರುವ ಲೈನ್ ಮನೆಗೆ ಎಷ್ಟು ತಲುಪಿತು? ಇದು ಬೆಳೆಗಾರರ ಮನೆಯ ಮಗಳು ಕೇಳಿದರೆ ಚೆಂದ.

ಈಗ ಕುಯ್ಲಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಎಷ್ಟೋ ಕುಟುಂಬ ಬರುತ್ತವೆ. ಅವರ ರೇಷನ್ ಕಾರ್ಡು ಊರಿನದು. ‘ಒನ್ ನೇಷನ್ ಒನ್ ರೇಷನ್ ಕಾರ್ಡ್’ ಪ್ರಕಾರ ಆ ಕಾರ್ಡಿನ ಅಕ್ಕಿಯನ್ನು ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಪಡೆಯಬಹುದು. ತಮ್ಮ ಪಾಲು ಇಲ್ಲಿ ತೆಗೆದುಕೊಂಡು, ಉಳಿದದ್ದನ್ನು ಊರಿನಲ್ಲಿರುವವರಿಗೆ ಬಿಡಲೂಬಹುದು. ಅಸ್ಸಾಂ 2022ರಲ್ಲಿ ಸೇರಿದ ಮೇಲೆ ಇದು ಎಲ್ಲಾ ರಾಜ್ಯಗಳಿಗೂ ಅನ್ವಯ. ಆದರೂ ಇದು ಗೊತ್ತಿಲ್ಲದೆ ಪೇಟೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ತರುವವರಿದ್ದಾರೆ. ಗೊತ್ತಿದ್ದವರಿಗೂ ಆಧಾರ್ ಜೋಡಣೆ ಆಗಿಲ್ಲ, ಬೆರಳಚ್ಚು ಬರಲ್ಲ ಅಂತ ಅಡ್ಡಿಗಳು. ನಾಲ್ಕು ಜನ ಗೆಳತಿಯರು ಸೇರಿ ಒಂದು ಸೀಸನ್‌ಗೆ ಎರಡು ತೋಟ ಹಿಡಿಯಿರಿ. ಯಾರಿಗೆ ಅಕ್ಕಿ ಸಿಕ್ಕಿತು, ಯಾರಿಗೆ ಇಲ್ಲ, ಯಾಕೆ ಇಲ್ಲ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಜೊತೆಗೆ ಶಾಲೆಗೆ ಹೋಗದ ಮಕ್ಕಳ ಲೆಕ್ಕ. ಆ ನೋಟ್‌ಬುಕ್ ಹಿಡಿದು ಗ್ರಾಮಸಭೆಗೆ, ತಾಲೂಕು ಆಹಾರ ಶಾಖೆಗೆ ಹೋಗಿ. ಮುಂದಿನ ತಿಂಗಳು ಮತ್ತೆ ಹೋಗಿ.

ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ನಿಮ್ಮ ಕಾರ್ಯಕ್ರಮಾಧಿಕಾರಿ ಒಪ್ಪಿದರೆ ಇದನ್ನೇ ಅದರಲ್ಲಿ ಸೇರಿಸಿಕೊಳ್ಳಬಹುದು. ಬೇರೆ ದೇಶದವರ ಜೊತೆ ಸಹಿ ಅಭಿಯಾನಕ್ಕೂ ಸೇರಿ, ಬೇಡ ಅನ್ನುವುದಿಲ್ಲ. ಆದರೆ ಆಗ ನಿಮ್ಮ ಹತ್ತಿರ ಹೇಳೋಕೆ ಏನೋ ಒಂದು ಇರುತ್ತದೆ.

ಅರೇಬಿಕಾ ಕುಯ್ಲು ನವೆಂಬರ್‌ಗೆ ಶುರು. ಹೋಗುವ ಮೊದಲು ತೋಟದ ಮಾಲೀಕರಿಗೋ ಲೆಕ್ಕ ನೋಡಿಕೊಳ್ಳುವ ರೈಟರ್‌ಗೋ ಹೇಳಿ ಹೋಗಿ, ಇಲ್ಲವಾದರೆ ಸುಮ್ನೆ ಅನುಮಾನ. ಹಿಂದಿ ಬರುವ ಒಬ್ಬರಾದರೂ ಜೊತೆಗಿರಲಿ. ಮತ್ತೆ, ಸಂತೆ ದಿನ ಹೋಗಬೇಡಿ. ಲೈನಿನಲ್ಲಿ ಯಾರೂ ಸಿಗುವುದಿಲ್ಲ.