ಫಾರಿನ್ ಫಂಡ್ ಇಲ್ಲದ ಸಂಘದ ಮಾತು ಹೊರದೇಶದಲ್ಲಿ ನಡೆಯುತ್ತದೆಯೇ?

ಪ್ರಶ್ನೆ: ‘ನಮ್ಮದು ಪಾಂಡವಪುರ ಕಡೆಯ ಚಿಕ್ಕ ಸಂಘ. ಸಂಘ–ಸಂಸ್ಥೆಗಳು ಬೇರೆ ದೇಶದ ಸರ್ಕಾರಗಳ ನೀತಿಯನ್ನೂ ಬದಲಾಯಿಸುತ್ತವೆ ಅಂತಾರೆ. ಅದೆಲ್ಲ ಫಾರಿನ್ ಫಂಡ್ ಇರೋರಿಗೆ ಮಾತ್ರ ಅಲ್ವಾ ಸರ್?’

ಅಲ್ಲ. ಮೈಸೂರಿನ ಶಿಬಿರಗಳಲ್ಲಿ, ಮಂಡ್ಯದ ಸಭೆಗಳಲ್ಲಿ ಈ ಮಾತಿಗೆ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಆದರೂ ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಈ ತಪ್ಪು ನಂಬಿಕೆಯಿಂದಲೇ ಎಷ್ಟೋ ಒಳ್ಳೆಯ ಸಂಘಗಳು ಬಾಯಿ ಮುಚ್ಚಿ ಕೂತಿವೆ.

ಇದು ನಡೆಯುವ ದಾರಿ ನಿಮಗೆ ಹೊಸದಲ್ಲ. ನಾಲೆಯ ಕೊನೆಭಾಗದವರು ನೀರು ಬರದಿದ್ದರೆ ಗದ್ದೆಯ ಬದುವಿನ ಮೇಲೆ ನಿಂತು ಕೂಗುವುದಿಲ್ಲ. ಮೇಲೆ ತೂಬಿನ ಹತ್ತಿರ ಹೋಗುತ್ತಾರೆ, ಇಂಜಿನಿಯರ್ ಕಚೇರಿಗೆ ಹೋಗುತ್ತಾರೆ, ಅಲ್ಲಿ ಮಾತು ಕೇಳುವವರನ್ನು ಹಿಡಿಯುತ್ತಾರೆ. ಇದೂ ಹಾಗೆಯೇ. ಇಲ್ಲಿ ಕಂಡದ್ದನ್ನು ಇಲ್ಲಿಯ ಸಂಘ ಬರೆದಿಡುತ್ತದೆ. ಅಲ್ಲಿಯ ಸಂಘ ಅದನ್ನು ತನ್ನ ಸರ್ಕಾರದ ಮುಂದಿಡುತ್ತದೆ. ಆ ಸರ್ಕಾರ ಜಿನೀವಾದಲ್ಲೋ ನ್ಯೂಯಾರ್ಕಿನಲ್ಲೋ ನಡೆಯುವ ವಿಶ್ವಸಂಸ್ಥೆಯ ಸಭೆಯಲ್ಲಿ ಮಾತೆತ್ತುತ್ತದೆ. ಅಲ್ಲಿ ಆದ ನಿಯಮ ಒಂದು ದಿನ ನಮ್ಮ ಊರಿಗೇ ಬರುತ್ತದೆ.

ದುಡ್ಡೇ ಎಲ್ಲ ಅನ್ನುವವರು ಒಂದು ಕೆಲಸ ಮಾಡಿ. ಹತ್ತಿರದ ಮೆಡಿಕಲ್ ಸ್ಟೋರಿಗೆ ಹೋಗಿ ಎಳೆಗೂಸಿಗೆ ಕೊಡುವ ಹಾಲಿನ ಪುಡಿಯ ಡಬ್ಬಿ ತಿರುಗಿಸಿ ನೋಡಿ. ಮೇಲೆ ಮಗುವಿನ ಚಿತ್ರ ಇರುವುದಿಲ್ಲ. ತಾಯಿಯ ಹಾಲೇ ಶ್ರೇಷ್ಠ ಎಂಬ ಸೂಚನೆ ಇರುತ್ತದೆ. ತನ್ನ ಸರಕಿಗಿಂತ ಬೇರೆಯದು ಒಳ್ಳೆಯದು ಅಂತ ಯಾವ ಕಂಪನಿ ತಾನಾಗಿ ಅಚ್ಚು ಹಾಕಿಸುತ್ತದೆ?

ಅದರ ಹಿಂದಿನ ಕಥೆ ಇದು. ಬಡ ದೇಶಗಳಲ್ಲಿ ಕೊಳಕು ನೀರಿಗೆ ಪುಡಿ ಕಲಸಿ ಕುಡಿಸಿದ ಕೂಸುಗಳು ಭೇದಿಯಾಗಿ ಸಾಯುತ್ತಿದ್ದವು. ಅದನ್ನು ಕಂಡ ಡಾಕ್ಟರುಗಳು, ನರ್ಸುಗಳು ಹೊರದೇಶದ ಸಂಘಗಳಿಗೆ ತಿಳಿಸಿದರು. 1977ರಲ್ಲಿ ಅಮೆರಿಕದ ಜನ ಈ ಪುಡಿ ಮಾರುತ್ತಿದ್ದ ನೆಸ್ಲೆ ಕಂಪನಿಯ ಸರಕುಗಳಿಗೆ ಬಹಿಷ್ಕಾರ ಹಾಕಿದರು. 1979ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕರೆದ ಸಭೆಯಲ್ಲಿ ಕಂಪನಿಗಳ ಎದುರಿಗೇ ಈ ಸಂಘಗಳೂ ಕೂತವು. ಅದೇ ವರ್ಷ ಅವೆಲ್ಲ ಸೇರಿ ಐಬಿಫಾನ್ ಎಂಬ ಕೂಟ ಕಟ್ಟಿಕೊಂಡವು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಈ ಪುಡಿಯ ಮಾರಾಟದ ನಿಯಮಾವಳಿ ಮತಕ್ಕೆ ಬಂತು. ಪರವಾಗಿ 118 ದೇಶ, ವಿರುದ್ಧ ಒಂದೇ ಒಂದು: ಅಮೆರಿಕ. ನಮ್ಮ ಸಂಸತ್ತು 1992ರಲ್ಲಿ ಅದನ್ನು ಕಾನೂನನ್ನೇ ಮಾಡಿತು. ಕಾನೂನು ಮುರಿದವರ ಮೇಲೆ ಕೋರ್ಟಿನಲ್ಲಿ ದೂರು ಕೊಡಲು ಸರ್ಕಾರ ಗುರುತಿಸಿದ ಸ್ವಯಂಸೇವಾ ಸಂಸ್ಥೆಗೂ ಅಧಿಕಾರ ಕೊಟ್ಟಿತು. ಈ ಕಥೆಯಲ್ಲಿ ದುಡ್ಡು ಇದ್ದದ್ದು ಯಾರ ಹತ್ತಿರ? ಸೋತವರ ಹತ್ತಿರ.

ನೆಲಬಾಂಬಿನದೂ ಇದೇ ಕಥೆ. 1992ರಲ್ಲಿ ಆರು ಸಂಸ್ಥೆಗಳು ಶುರು ಮಾಡಿದ ಚಳವಳಿ. 1997ರ ಡಿಸೆಂಬರಿನಲ್ಲಿ ಕೆನಡಾದ ಒಟ್ಟಾವಾದಲ್ಲಿ, ನೆಲಬಾಂಬ್ ನಿಷೇಧಿಸುವ ಒಪ್ಪಂದಕ್ಕೆ 122 ದೇಶಗಳ ಸಹಿ.

ಎಫ್‌ಸಿಆರ್‌ಎ ಬಗ್ಗೆಯೂ ಗೊಂದಲ ಬೇಡ. ಆ ಕಾಯ್ದೆ ವಿದೇಶದಿಂದ ಬರುವ ದೇಣಿಗೆಗೆ ಸಂಬಂಧಿಸಿದ್ದು. ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. 2020ರ ತಿದ್ದುಪಡಿಯ ನಂತರ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದರಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಆದರೆ ನೀವು ಬರೆಯುವ ಪತ್ರಕ್ಕೆ, ಕಳಿಸುವ ವರದಿಗೆ ಎಫ್‌ಸಿಆರ್‌ಎ ನೋಂದಣಿ ಬೇಕಿಲ್ಲ.

ಪಾಂಡವಪುರದವರು ಈ ಪ್ರಶ್ನೆ ಕೇಳಿದ್ದಕ್ಕೇ ನನಗೆ ಹೆಚ್ಚು ಬೇಸರ. ರೈತ ಸಂಘದ ಹಸಿರು ಶಾಲಿನವರನ್ನು ದಿನಾ ನೋಡುವ ತಾಲ್ಲೂಕು ನಿಮ್ಮದು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕಾಲದಲ್ಲಿ, 1999ರಲ್ಲಿ, ನಮ್ಮ ರೈತರು ಯುರೋಪಿಗೇ ಹೋಗಿ ಊರೂರು ಸುತ್ತಿ ಪ್ರತಿಭಟಿಸಿ ಬಂದರು. ರೈತ ಸಂಘ ಸದಸ್ಯನಾಗಿರುವ ‘ಲಾ ವಿಯಾ ಕಂಪೆಸಿನಾ’ ಎಂಬ ಜಾಗತಿಕ ಒಕ್ಕೂಟ ವರ್ಷಗಟ್ಟಲೆ ಬೆನ್ನುಬಿದ್ದ ಫಲವಾಗಿ, 2018ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆ ರೈತರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಪರ 121, ವಿರುದ್ಧ 8. ಅದರ 19ನೇ ವಿಧಿ ಬೀಜದ ಹಕ್ಕಿನದು.

ಘೋಷಣೆ ಎಂದಮೇಲೆ ಇದನ್ನೂ ಹೇಳಬೇಕು, ನೀವು ಕೇಳದಿದ್ದರೂ. ಘೋಷಣೆ ಬೇರೆ, ಒಪ್ಪಂದ ಬೇರೆ. ಒಪ್ಪಂದಕ್ಕೆ ಸೇರಿದ ದೇಶ ಅದಕ್ಕೆ ಬದ್ಧ, ಸೇರದಿದ್ದರೆ ಇಲ್ಲ. ನೆಲಬಾಂಬ್ ಒಪ್ಪಂದಕ್ಕೆ ಭಾರತ ಇನ್ನೂ ಸೇರಿಲ್ಲ. ಘೋಷಣೆ ಯಾರ ಕೈಯನ್ನೂ ಕಟ್ಟುವುದಿಲ್ಲ, ಕೇಳುವುದಕ್ಕೆ ಒಂದು ಆಧಾರ ಕೊಡುತ್ತದೆ ಅಷ್ಟೆ. ಬೀಜದ ವಿಷಯದಲ್ಲಂತೂ ನೀವು ಅದಕ್ಕೂ ಕಾಯಬೇಕಿಲ್ಲ. 2001ರ ನಮ್ಮದೇ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ ತೆಗೆದು ಓದಿ. ನಿಮ್ಮ ಮನೆಯ ರಾಜಮುಡಿ ಭತ್ತದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಪಕ್ಕದೂರಿಗೆ ಕೊಟ್ಟು ತರುವ, ಮಾರುವ ಹಕ್ಕು ಅಲ್ಲೇ ಇದೆ. ಆ ಕಾಯ್ದೆಯಡಿ ರಕ್ಷಣೆ ಪಡೆದ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.