ಓದುಗರ ಪ್ರಶ್ನೆ: .44ರ ಒಂದೇ ಗುಂಡಿಗೆ ಎದುರಾಳಿ ಹಾರಿ ಬೀಳುತ್ತಾನೆಯೇ?

ಪ್ರಶ್ನೆ: ಅಮೆರಿಕದಲ್ಲಿ ನೆಲೆಸಿದ್ದೇವೆ, ಗ್ರೀನ್ ಕಾರ್ಡ್ ಬಂದಿದೆ, ರಾಜ್ಯದ ಕ್ಯಾರಿ (ಆಯುಧ ಜೊತೆಗೊಯ್ಯುವ) ಪರವಾನಗಿಯೂ ಕೈಸೇರಿದೆ. ಸ್ವರಕ್ಷಣೆಗೆ .44 ಸ್ಪೆಷಲ್‌ನಂತಹ ದೊಡ್ಡ ಬೋರಿನ ಪುಟ್ಟ ರಿವಾಲ್ವರ್ ಇಟ್ಟುಕೊಳ್ಳುವುದು ಸರಿಯೇ? ಅದರ ಗುಂಡು ತಗುಲಿದರೆ ಎಂಥವನೂ ಹಿಂದಕ್ಕೆ ಹಾರಿ ಬೀಳುತ್ತಾನೆ, ಹಾಗಾಗಿ ಐದೇ ಗುಂಡು ಸಾಕು ಎನ್ನುತ್ತಾರೆ.

ಉತ್ತರ: ಇಟ್ಟುಕೊಳ್ಳಬಹುದು, ಆದರೆ ನೀವು ಕೊಟ್ಟ ಕಾರಣಕ್ಕಾಗಿ ಇಟ್ಟುಕೊಳ್ಳಬೇಡಿ. ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಷ್ಟು ಬಾರಿ ಬಂದಿದೆಯೆಂದರೆ, ‘ಹಾರಿ ಬೀಳುತ್ತಾನೆ’ ಎಂಬ ಮಾತನ್ನು ಕಂಡೊಡನೆ ಬೇಸರವೂ, ಪಾಠ ಹೇಳುವ ಉತ್ಸಾಹವೂ ಒಟ್ಟಿಗೇ ಹುಟ್ಟುತ್ತವೆ. ಈ ಸಲ ಇದನ್ನು ಬುಡಸಮೇತ ಕಿತ್ತುಹಾಕಲು ಪ್ರಯತ್ನಿಸುತ್ತೇನೆ.

ಮೊದಲು ಆಯುಧದ ಪರಿಚಯ ಚುಟುಕಾಗಿ. ಬೋರು ಎಂದರೆ ನಳಿಕೆಯ ಒಳವ್ಯಾಸ; .44, .38 ಎಂಬವು ಸುಮಾರಾಗಿ ಇಂಚಿನಲ್ಲಿ ಅದರ ಅಳತೆ. ಜೇಬಿಗೆ ಸೇರುವ ದೊಡ್ಡ ಬೋರಿನ ರಿವಾಲ್ವರ್ ಹೊಸ ಕಲ್ಪನೆಯಲ್ಲ. 1872ರಲ್ಲಿ ಇಂಗ್ಲೆಂಡಿನ ಫಿಲಿಪ್ ವೆಬ್ಲಿ ಹೊರತಂದ ಗಿಡ್ಡ ನಳಿಕೆಯ, ಐದು ಗುಂಡಿನ ‘ಬ್ರಿಟಿಷ್ ಬುಲ್‌ಡಾಗ್’ ಇದರ ಮೂಲಪುರುಷ. .44 ಸ್ಪೆಷಲ್ ಕಾಡತೂಸನ್ನು ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1907ರ ಸುಮಾರಿಗೆ ತಂದಿತು. ಅದನ್ನು ಹಾರಿಸುವ, ಖಾಲಿಯಿದ್ದಾಗ ಸುಮಾರು 600 ಗ್ರಾಂ ತೂಗುವ ಪುಟ್ಟ ಬುಲ್‌ಡಾಗ್ ರಿವಾಲ್ವರನ್ನು ಚಾರ್ಟರ್ ಆರ್ಮ್ಸ್ 1973ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಈ ಕಾಡತೂಸನ್ನು ಹೆಚ್ಚು ಶಕ್ತಿಯ .44 ಮ್ಯಾಗ್ನಮ್ ಜೊತೆ ಗೊಂದಲ ಮಾಡಿಕೊಳ್ಳಬಾರದು. ಮ್ಯಾಗ್ನಮ್‌ನ ಖೋಲು ಸ್ಪೆಷಲ್‌ನದಕ್ಕಿಂತ ಸುಮಾರು 3 ಮಿ.ಮೀ. ಹೆಚ್ಚು ಉದ್ದ, ಅದು ಸ್ಪೆಷಲ್‌ನ ಸಿಲಿಂಡರಿನಲ್ಲಿ ಕೂರುವುದಿಲ್ಲ, ಕೂರಬಾರದೆಂದೇ ಹಾಗೆ ಮಾಡಲಾಗಿದೆ.

ಈಗ ಮಿಥ್ಯೆಗೆ ಬರೋಣ. ಹೈಸ್ಕೂಲಿನಲ್ಲಿ ಕಲಿತ ಸಂವೇಗದ ಲೆಕ್ಕ ನೆನಪಿದ್ದರೆ ಮುಂದಿನ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಹಳೆಯ ಮಾದರಿಯ .44 ಸ್ಪೆಷಲ್ ಗುಂಡಿನ ತೂಕ ಸುಮಾರು 16 ಗ್ರಾಂ, ಉದ್ದ ನಳಿಕೆಯಿಂದ ಹೊರಟರೂ ಅದರ ವೇಗ ಸೆಕೆಂಡಿಗೆ 230 ಮೀಟರ್ ಆಸುಪಾಸು. ಇವೆರಡನ್ನು ಗುಣಿಸಿ, 75 ಕೆ.ಜಿ. ತೂಕದ, ನಿಂತಿರುವ ಮನುಷ್ಯನೊಳಗೆ ಗುಂಡು ಪೂರ್ತಿಯಾಗಿ ನಿಂತುಬಿಟ್ಟಿತೆಂದು ಭಾವಿಸಿ ಭಾಗಿಸಿದರೆ, ಅವನಿಗೆ ದೊರೆಯುವ ವೇಗ ಸೆಕೆಂಡಿಗೆ 5 ಸೆಂ.ಮೀ.ಗಿಂತ ತುಸು ಕಡಿಮೆ. ಅದೇ ಮನುಷ್ಯ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನಿಮ್ಮತ್ತ ಓಡಿಬರುತ್ತಿದ್ದರೆ, ಗುಂಡು ಅವನ ವೇಗದಲ್ಲಿ ನೂರಕ್ಕೆ ಒಂದು ಪಾಲನ್ನು ಕಡಿಮೆ ಮಾಡುತ್ತದೆ. ಗುಂಡು ಮುಂದಕ್ಕೆ ಒಯ್ಯುವ ಸಂವೇಗದಷ್ಟೇ, ಸಿಡಿಮದ್ದಿನ ಅನಿಲವನ್ನೂ ಸೇರಿಸಿದರೆ ಅದಕ್ಕಿಂತ ಸ್ವಲ್ಪ ಹೆಚ್ಚೇ, ಹಿಂದಕ್ಕೆ ನಿಮ್ಮ ಅಂಗೈಗೆ ಬರುತ್ತದೆ. ಎದುರಾಳಿಯನ್ನು ಹಾರಿಸಿ ಕೆಡವುವ ಗುಂಡು ಇದ್ದಿದ್ದರೆ ಅದನ್ನು ಹಾರಿಸಿದವನೂ ಅವನೊಂದಿಗೇ ಬೀಳಬೇಕಿತ್ತು.

ಲೆಕ್ಕವನ್ನು ನಂಬದವರಿಗೆ ಪ್ರತ್ಯಕ್ಷ ಪ್ರಮಾಣವೂ ಇದೆ. ಗುಂಡುನಿರೋಧಕ ಅಂಗಿ ತಯಾರಿಸುತ್ತಿದ್ದ ‘ಸೆಕೆಂಡ್ ಚಾನ್ಸ್’ ಕಂಪನಿಯ ಸ್ಥಾಪಕ ರಿಚರ್ಡ್ ಡೇವಿಸ್, ತನ್ನ ಸರಕಿನ ಪ್ರಚಾರಕ್ಕಾಗಿ ಅದನ್ನು ತೊಟ್ಟು, ರಿವಾಲ್ವರಿನಿಂದ ತನ್ನ ಮೈಗೇ ಗುಂಡು ಹೊಡೆದುಕೊಳ್ಳುತ್ತಿದ್ದ. ಅಂಗಿ ಗುಂಡನ್ನು ತಡೆದು ನಿಲ್ಲಿಸಿತೆಂದರೆ ಅದರ ಸಂವೇಗವೆಲ್ಲ ಅವನ ದೇಹಕ್ಕೇ ಸೇರಿತೆಂದು ಅರ್ಥ. ಆದರೂ ಅವನು ನಿಂತೇ ಇರುತ್ತಿದ್ದ.

ಹಾಗಾದರೆ ಗುಂಡೇಟು ತಿಂದವರು ಕುಸಿಯುವುದೇ ಇಲ್ಲವೇ? ಖಂಡಿತ ಕುಸಿಯುತ್ತಾರೆ, ಆದರೆ ಅದಕ್ಕೆ ನೂಕುವ ಬಲ ಕಾರಣವಲ್ಲ. ಗುಂಡು ಮೆದುಳನ್ನೋ ಬೆನ್ನುಹುರಿಯ ಮೇಲ್ಭಾಗವನ್ನೋ ಕೆಡಿಸಿದರೆ ದೇಹ ತಕ್ಷಣ ನಿಲ್ಲುತ್ತದೆ. ಅದು ಬಿಟ್ಟರೆ ರಕ್ತ ಸೋರಿ ಒತ್ತಡ ಇಳಿಯುವವರೆಗೆ ಕಾಯಬೇಕು. ಎಫ್‌ಬಿಐ 1989ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಹೃದಯವೇ ನಾಶವಾದರೂ 10ರಿಂದ 15 ಸೆಕೆಂಡು ಇಚ್ಛಾಪೂರ್ವಕವಾಗಿ ಕೈಕಾಲು ಆಡಿಸುವಷ್ಟು ಆಮ್ಲಜನಕ ಮೆದುಳಿನಲ್ಲಿ ಉಳಿದಿರುತ್ತದೆ. ಮೂರನೆಯ ಕಾರಣ ಮನಸ್ಸು: ‘ನನಗೆ ಗುಂಡು ಬಿತ್ತು’ ಎಂಬ ಅರಿವಿನಿಂದಲೇ ಹಲವರು ನೆಲಕ್ಕೊರಗುತ್ತಾರೆ. ಈ ಮೂರನೆಯದನ್ನು ನಂಬಿಕೊಂಡು ಪ್ರಾಣರಕ್ಷಣೆಯ ಯೋಜನೆ ಹಾಕಲಾಗುವುದಿಲ್ಲ.

ಇಲ್ಲಿಗೆ ಬಂದಾಗ ಇತಿಹಾಸ ಬಲ್ಲವರೊಬ್ಬರು ಎದ್ದು, 1904ರ ಥಾಂಪ್ಸನ್–ಲಗಾರ್ಡ್ ಪರೀಕ್ಷೆಗಳು ದೊಡ್ಡ ಬೋರೇ ಮೇಲೆಂದು ಸಾಬೀತು ಮಾಡಲಿಲ್ಲವೇ ಎಂದು ಕೇಳುವುದು ವಾಡಿಕೆ. ಫಿಲಿಪ್ಪೀನ್ಸ್‌ನ ಮೋರೋ ಹೋರಾಟಗಾರರ ಎದುರು .38 ರಿವಾಲ್ವರ್ ಸಾಲದೆಂಬ ದೂರು ಬಂದ ಮೇಲೆ, ಅಮೆರಿಕದ ಸೈನ್ಯ ಶಿಕಾಗೋದ ಜಾನುವಾರು ಅಂಗಳದಲ್ಲಿ ದನಗಳ ಮೇಲೂ, ಬೇರೆಡೆ ಶವಗಳ ಮೇಲೂ ಗುಂಡು ಹಾರಿಸಿ ನೋಡಿತು. ಸೇನಾ ಪಿಸ್ತೂಲಿನ ಬೋರು .45ಕ್ಕಿಂತ ಕಡಿಮೆ ಇರಬಾರದೆಂದು ಮಂಡಳಿ ಶಿಫಾರಸು ಮಾಡಿದ್ದು ನಿಜ. ಅದೇ ವರದಿ, ಮರ್ಮಸ್ಥಾನಕ್ಕೆ ತಾಗದಿದ್ದರೆ ಕೈಬಂದೂಕಿನ ಯಾವ ಗುಂಡನ್ನೂ ನಂಬಲಾಗದು, ಆದ್ದರಿಂದ ಸೈನಿಕರಿಗೆ ಗುರಿಯ ಅಭ್ಯಾಸವನ್ನು ಎಡೆಬಿಡದೆ ಮಾಡಿಸಬೇಕು ಎಂದೂ ಹೇಳಿತ್ತು. ಮೊದಲ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ, ಎರಡನೆಯದನ್ನು ಓದಿದವರನ್ನು ನಾನು ಕಂಡಿರುವುದು ಅಪರೂಪ.

ಪುಟ್ಟ ಬುಲ್‌ಡಾಗ್‌ಗಳ ಚರಿತ್ರೆಯೇ ಈ ನಂಬಿಕೆಗೆ ವಿರುದ್ಧ ಸಾಕ್ಷಿ ಹೇಳುತ್ತದೆ. 1881ರ ಜುಲೈ 2ರಂದು ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರ ಬೆನ್ನಿಗೆ ಚಾರ್ಲ್ಸ್ ಗಿಟೋ ಗುಂಡು ಹೊಡೆದದ್ದು ಬ್ರಿಟಿಷ್ ಬುಲ್‌ಡಾಗ್ ಮಾದರಿಯ ರಿವಾಲ್ವರಿನಿಂದ; ಗಾರ್ಫೀಲ್ಡ್ ತೀರಿಕೊಂಡದ್ದು 79 ದಿನಗಳ ನಂತರ, ಅದರಲ್ಲಿಯೂ ಗಾಯದೊಳಗೆ ತೊಳೆಯದ ಬೆರಳಾಡಿಸಿದ ವೈದ್ಯರ ಪಾಲು ಸಣ್ಣದಲ್ಲ. 1976–77ರಲ್ಲಿ ನ್ಯೂಯಾರ್ಕನ್ನು ನಡುಗಿಸಿದ ಸರಣಿ ಹಂತಕ ಡೇವಿಡ್ ಬರ್ಕೋವಿಟ್ಜ್ ಬಳಸಿದ್ದು ಇದೇ ಚಾರ್ಟರ್ ಆರ್ಮ್ಸ್ .44. ಆರು ಮಂದಿ ಸತ್ತರು. ಆದರೆ ಅದೇ ರಿವಾಲ್ವರಿನ ಏಟು ಹತ್ತಿರದಿಂದಲೇ ತಿಂದ ಬೇರೆ ಹಲವರು ಬದುಕುಳಿದರು, ತಲೆಗೆ ಗುಂಡು ಬಿದ್ದವನೂ ಸೇರಿದಂತೆ.

ಕೊನೆಯದಾಗಿ ಮಯಾಮಿ. 1986ರ ಏಪ್ರಿಲ್ 11ರಂದು ಇಬ್ಬರು ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ದರೋಡೆಕೋರ ಪ್ಲಾಟ್‌ನಿಗೆ ಆರಂಭದಲ್ಲೇ ತಗುಲಿದ 9 ಎಂ.ಎಂ. ಗುಂಡು ತೋಳನ್ನು ಹಾದು ಎದೆಯೊಳಗೆ ಹೊಕ್ಕು, ಹೃದಯ ಮುಟ್ಟುವ ಮೊದಲೇ ನಿಂತಿತ್ತು, ಅವನು ಹೋರಾಡುತ್ತಲೇ ಇದ್ದ. ‘ನೋಡಿ, ಚಿಕ್ಕ ಗುಂಡು ಸೋತಿತು’ ಎನ್ನುವವರು ಕಾಳಗವನ್ನು ಮುಗಿಸಿದ್ದು ಯಾವುದು ಎಂಬುದನ್ನು ಮರೆಯುತ್ತಾರೆ. ಎಡಗೈ ನುಚ್ಚುನೂರಾಗಿದ್ದ ಏಜೆಂಟ್ ಎಡ್ಮುಂಡೊ ಮಿರೆಲೆಸ್, ಒಂದೇ ಕೈಯಲ್ಲಿ ರಿವಾಲ್ವರ್ ಹಿಡಿದು, ಹತ್ತಿರ ಹೋಗಿ ಹಾರಿಸಿದ್ದು .38 ಸ್ಪೆಷಲ್ ಗುಂಡುಗಳನ್ನು! ಈ ಘಟನೆಯಿಂದ ಎಫ್‌ಬಿಐ ಕಲಿತದ್ದು ಗುಂಡು ಸಾಕಷ್ಟು ಆಳಕ್ಕೆ ಇಳಿಯಬೇಕೆಂಬ ಪಾಠವನ್ನು. ಮೈಮಾಂಸದ ಬದಲಿಗೆ ಪರೀಕ್ಷೆಗೆ ಬಳಸುವ ಜೆಲಾಟಿನ್‌ನಲ್ಲಿ 12ರಿಂದ 18 ಇಂಚು ಎಂಬ ಈಗಿನ ಅಳತೆ ಬಂದದ್ದು ಆಗಲೇ. ಆ ಸಂಸ್ಥೆ 10 ಎಂ.ಎಂ. ಕಡೆಗೆ ಹೋಗಿ, ಅದರ ಒದೆತವನ್ನು ಹಲವು ಏಜೆಂಟರು ಸಹಿಸಲಾರದೆ .40ಕ್ಕೆ ಇಳಿದು, 2016ರ ವೇಳೆಗೆ ಪುನಃ 9 ಎಂ.ಎಂ.ಗೇ ಮರಳಿತು. ಬ್ರಿಟಿಷ್ ಸೈನ್ಯ ಇದನ್ನು ಇನ್ನೂ ಮೊದಲೇ ಮಾಡಿತ್ತು: ಮೊದಲ ಮಹಾಯುದ್ಧದ ಅನುಭವದ ಮೇಲೆ .455 ವೆಬ್ಲಿಯನ್ನು ಬದಿಗಿಟ್ಟು, 1930ರ ದಶಕದಲ್ಲಿ .38ರ ಎನ್‌ಫೀಲ್ಡ್ ಹಿಡಿಯಿತು, ಏಕೆಂದರೆ ಅಲ್ಪ ತರಬೇತಿಯ ಕೈಗೆ ಅದರಲ್ಲಿ ಗುರಿ ಸಿಗುತ್ತಿತ್ತು.

ಹಾಗೆಂದು .44 ಸ್ಪೆಷಲ್ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಗಿಡ್ಡ ನಳಿಕೆಯಲ್ಲಿ ಹಾಲೋ ಪಾಯಿಂಟ್ (ಮೈಯೊಳಗೆ ಅರಳಲೆಂದು ತುದಿ ಟೊಳ್ಳಾಗಿಸಿದ) ಗುಂಡುಗಳಿಗೆ ವೇಗ ಸಾಲದೆ ಅವು ಅರಳದೇ ಹೋಗುವುದುಂಟು. ಸುಮಾರು 11 ಮಿ.ಮೀ. ಅಗಲದ ಚಪ್ಪಟೆ ಮೂತಿಯ ಗುಂಡು ಅರಳುವಿಕೆಯನ್ನು ನೆಚ್ಚದೆ ಆಳಕ್ಕೆ ಇಳಿಯುತ್ತದೆ. ಕೋಟಿನ ಜೇಬಿನೊಳಗಿಂದಲೋ, ಎದುರಾಳಿಯ ಮೈಗೆ ಒತ್ತಿಯೋ ಹಾರಿಸಬೇಕಾದ ಸಂದರ್ಭದಲ್ಲಿ ಪಿಸ್ತೂಲಿಗಿಂತ ರಿವಾಲ್ವರನ್ನು ಹೆಚ್ಚು ನಂಬಬಹುದು. ಬೆಲೆ ತೆರಬೇಕಾದದ್ದು ಎರಡನೆಯ ಗುಂಡಿನಲ್ಲಿ. ಮಧ್ಯಮ ಗಾತ್ರದ 9 ಎಂ.ಎಂ. ಪಿಸ್ತೂಲಿಗೆ ಹೋಲಿಸಿದರೆ ಈ ಪುಟ್ಟ ಕೋವಿಯ ಒದೆತದ ಶಕ್ತಿ ಸುಮಾರು ಎರಡು ಪಟ್ಟು, ಟ್ರಿಗರ್ ಬಿಗಿ, ಗುರಿಗೆ ಮರಳಲು ತಡ. ಇನ್ನು ‘ರಿವಾಲ್ವರ್ ಎಂದೂ ಜಾಮ್ ಆಗದು’ ಎಂಬುದೂ ಅರೆಸತ್ಯವೇ: ಹಗುರ ರಿವಾಲ್ವರಿನ ಒದೆತಕ್ಕೆ ಸಿಲಿಂಡರಿನಲ್ಲಿ ಉಳಿದ ಭಾರವಾದ ಗುಂಡುಗಳು ಖೋಲಿನಿಂದ ಮುಂದಕ್ಕೆ ಜಾರಿ, ಸಿಲಿಂಡರ್ ತಿರುಗದಂತೆ ಸಿಕ್ಕಿಕೊಳ್ಳಬಹುದು. ನೀವು ಒಯ್ಯುವ ಕಾಡತೂಸನ್ನೇ ಸಿಲಿಂಡರಿಗೆ ತುಂಬಿ, ನಾಲ್ಕನ್ನು ಹಾರಿಸಿ, ಐದನೆಯದರ ಉದ್ದ ಅಳೆದು ನೋಡಿ. ಏಳು ಗಜ ದೂರದ ತಟ್ಟೆಯಗಲದ ಗುರಿಗೆ ಐದನ್ನೂ ಬೇಗನೆ ಕೂರಿಸಲು ಬಂದರೆ ಸಂತೋಷವಾಗಿ ಇಟ್ಟುಕೊಳ್ಳಿ. ಬಾರದಿದ್ದರೆ ಅಷ್ಟೇ ಗಾತ್ರದ .38 ಸ್ಪೆಷಲ್ ನಿಮಗೆ ಹೆಚ್ಚು ಉಪಕಾರಿ.

ನೀವು ಕೇಳದ ಒಂದು ವಿಷಯವನ್ನು ಹೇಳದೆ ಬಿಡಲಾರೆ. ಐದೇ ಗುಂಡಿನ ಆಯುಧ ಒಯ್ಯುವವರು ಹೆಚ್ಚುವರಿ ಕಾಡತೂಸುಗಳನ್ನು ರಬ್ಬರ್ ಪಟ್ಟಿಯಲ್ಲಿ ಸಿಕ್ಕಿಸಿಯೋ ಬಿಡಿಯಾಗಿಯೋ ಜಾಕೆಟ್ ಜೇಬಿನಲ್ಲಿ, ಬೆನ್ನುಚೀಲದ ಸಂದಿಯಲ್ಲಿ ಹಾಕಿಕೊಂಡಿರುತ್ತಾರೆ. ಅದೇ ಜಾಕೆಟ್, ಅದೇ ಚೀಲ ರಜೆಗೆ ಬೆಂಗಳೂರಿಗೂ ಬರುತ್ತವೆ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿಯಿಲ್ಲದೆ ಒಂದೇ ಒಂದು ಸಜೀವ ಗುಂಡನ್ನು ಹೊಂದಿರುವುದೂ ಅಪರಾಧ. ಅಮೆರಿಕದ ನಿಮ್ಮ ಕ್ಯಾರಿ ಪರವಾನಗಿಗೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಯಾವ ಬೆಲೆಯೂ ಇಲ್ಲ. ಹೊಂದಿರುವ ಅರಿವು ಆರೋಪಿಗೆ ಇರಬೇಕೆಂದು ಸುಪ್ರೀಂ ಕೋರ್ಟ್ 1972ರ ಗುನ್ವಂತ್‌ಲಾಲ್ ಪ್ರಕರಣದಲ್ಲಿ ಹೇಳಿದೆ, ಮರೆತು ಉಳಿದ ಒಂಟಿ ಗುಂಡಿನ ಪ್ರಕರಣಗಳನ್ನು ಉಚ್ಚ ನ್ಯಾಯಾಲಯಗಳು ಆ ತತ್ತ್ವದ ಮೇಲೆ ರದ್ದುಪಡಿಸಿರುವುದೂ ಉಂಟು. ಆದರೆ ಅಲ್ಲಿಗೆ ತಲುಪುವ ಮೊದಲು ಎಫ್‌ಐಆರ್, ವಕೀಲರು, ತಪ್ಪಿದ ವಿಮಾನ, ಮುಗಿದುಹೋದ ರಜೆ ಎಲ್ಲವೂ ಆಗಿರುತ್ತವೆ. ಶೂಟಿಂಗ್ ರೇಂಜ್‌ಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಎಂದೂ ಬಳಸಬೇಡಿ, ಹೊರಡುವ ಹಿಂದಿನ ದಿನ ಜಾಕೆಟ್ಟಿನ ಒಳಜೇಬುಗಳನ್ನೂ ಹೊರಗೆಳೆದು ನೋಡಿ.