ಮೂರು ಸುತ್ತೋ ನಾಲ್ಕು ಸುತ್ತೋ: ಐರಿಷ್ ಸೆಟ್ ನೃತ್ಯದೊಳಗಿನ ಖಗೋಳ ಗಣಿತ

ಐರ್ಲೆಂಡಿನ ಸೆಟ್ ನೃತ್ಯದಲ್ಲಿ ನಾಲ್ಕು ಜೋಡಿಗಳು ಚೌಕದ ನಾಲ್ಕು ಬದಿಗಳಲ್ಲಿ ನಿಲ್ಲುತ್ತವೆ. ಹೊಸಬರನ್ನು ಹೆಚ್ಚು ಕಾಡುವ ವರಸೆಯೆಂದರೆ ‘ಹೌಸ್’. ಪರಸ್ಪರ ಹಿಡಿದುಕೊಂಡ ಜೋಡಿ ತಾನು ಪ್ರದಕ್ಷಿಣಾಕಾರವಾಗಿ ತಿರುಗುತ್ತಲೇ ಇಡೀ ಚೌಕವನ್ನು ಅಪ್ರದಕ್ಷಿಣಾಕಾರವಾಗಿ ಸುತ್ತಿ, ಸಂಗೀತದ ಎಂಟು ಬಾರ್‌ಗಳೊಳಗೆ (ಬಾರ್ ಎಂದರೆ ತಾಳದ ಒಂದು ಆವರ್ತ) ತನ್ನ ಸ್ಥಾನಕ್ಕೆ ಮರಳಬೇಕು. ರೀಲ್ ಎಂಬ ಚುರುಕಾದ ಐರಿಷ್ ಮಟ್ಟಿನ ವೇಗದಲ್ಲಿ ಇದಕ್ಕೆ ಸಿಗುವುದು ಸುಮಾರು ಒಂಬತ್ತು ಸೆಕೆಂಡು. ಎಡವಿದವರಿಗೆ ‘ನೃತ್ಯ ರಕ್ತದಲ್ಲಿರಬೇಕು’ ಎಂಬ ಸಮಾಧಾನ ಸುಲಭವಾಗಿ ಸಿಗುತ್ತದೆ. ಆದರೆ ಇಲ್ಲಿ ತಪ್ಪುವುದು ರಕ್ತವಲ್ಲ, ಎಣಿಕೆ.

ಸಾಮಾನ್ಯವಾಗಿ ಎರಡು ಬಾರ್‌ಗೆ ಒಂದು ಬದಿ, ಒಂದು ಬದಿಗೆ ಒಂದು ಸುತ್ತು ಎಂದು ಲೆಕ್ಕವಿಡುತ್ತಾರೆ. ಅಂದರೆ ಒಟ್ಟು ನಾಲ್ಕು ಸುತ್ತು. ಹೊರಡುವಾಗ ಪುರುಷನ ಎಡಭುಜ ಚೌಕದ ಕೇಂದ್ರದ ಕಡೆಗಿದೆ ಎನ್ನೋಣ. ಮುಂದಿನ ಬದಿಯನ್ನು ತಲುಪಿದಾಗಲೂ ಅದು ಕೇಂದ್ರದ ಕಡೆಗೇ ಇದ್ದರೆ ಒಂದು ಸುತ್ತು ಮುಗಿಯಿತು. ಆದರೆ ಅಷ್ಟರಲ್ಲಿ ಜೋಡಿ ಚೌಕದ ಕಾಲುಭಾಗವನ್ನು ಎದುರು ದಿಕ್ಕಿನಲ್ಲಿ ಕ್ರಮಿಸಿರುವುದರಿಂದ, ಕೋಣೆಯ ಗೋಡೆಗಳನ್ನು ಆಧಾರವಾಗಿಟ್ಟು ಅಳೆದರೆ ಅದು ತಿರುಗಿರುವುದು 360 ಡಿಗ್ರಿಯಲ್ಲ, 270 ಮಾತ್ರ. ನಾಲ್ಕು ಬದಿಗಳಿಗೆ 1080 ಡಿಗ್ರಿ, ಅಂದರೆ ಸರಿಯಾಗಿ ಮೂರು ಸುತ್ತು. ಕೇಂದ್ರವನ್ನು ನೋಡಿ ಎಣಿಸಿದರೆ ನಾಲ್ಕು, ಗೋಡೆಯನ್ನು ನೋಡಿ ಎಣಿಸಿದರೆ ಮೂರು, ಎರಡೂ ಸತ್ಯ!

ಆಕಾಶದಲ್ಲೂ ಇಂಥದೇ ಎರಡು ಎಣಿಕೆಗಳಿವೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದೂ ಸೂರ್ಯನನ್ನು ಸುತ್ತುವುದೂ ಒಂದೇ ದಿಕ್ಕಿನಲ್ಲಿ. ಆದ್ದರಿಂದ ವರ್ಷಕ್ಕೆ ಸೂರ್ಯನ ಲೆಕ್ಕದಲ್ಲಿ ಸುಮಾರು 365 ಸುತ್ತು, ನಕ್ಷತ್ರಗಳ ಲೆಕ್ಕದಲ್ಲಿ 366. ಅದಕ್ಕಾಗಿಯೇ ನಾಕ್ಷತ್ರಿಕ ದಿನ, ಅಂದರೆ ನಕ್ಷತ್ರಗಳ ಲೆಕ್ಕದ ಒಂದು ಸುತ್ತು, 23 ಗಂಟೆ 56 ನಿಮಿಷಕ್ಕೇ ಮುಗಿಯುತ್ತದೆ. ಹೌಸ್ ಆಡುವ ಜೋಡಿಯ ನಿಜವಾದ ಬಂಧು ಶುಕ್ರ ಗ್ರಹ. ಅದು ತನ್ನ ಅಕ್ಷದ ಮೇಲೆ ತಿರುಗುವುದು ಸೂರ್ಯನನ್ನು ಸುತ್ತುವುದಕ್ಕೆ ವಿರುದ್ಧ ದಿಕ್ಕಿನಲ್ಲಿ; ಹಾಗಾಗಿ ಅಲ್ಲಿ ಕೇಂದ್ರದ, ಅಂದರೆ ಸೂರ್ಯನ, ಲೆಕ್ಕದ ಸುತ್ತುಗಳೇ ಹೆಚ್ಚು. ಒಮ್ಮೆ ತಿರುಗಲು 243 ಭೂದಿನಗಳು ಬೇಕಾದರೂ ಅಲ್ಲಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಕಳೆಯುವುದು ಸುಮಾರು 117 ಭೂದಿನಗಳು ಮಾತ್ರ.

ಗೋಡೆಯ ಮಾತನ್ನು ಸುಮ್ಮನೆ ತರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನಲ್ಲಿ ಜನಪ್ರಿಯವಾದ, ನಾಲ್ಕು ಜೋಡಿಗಳು ಚೌಕದಲ್ಲಿ ಆಡುವ ಕ್ವಾಡ್ರಿಲ್ ನೃತ್ಯಗಳಿಂದ ಹುಟ್ಟಿದ ಸೆಟ್‌ಗಳನ್ನು, ಐರಿಷ್ ಭಾಷೆ-ಸಂಸ್ಕೃತಿಯ ಪುನರುಜ್ಜೀವನಕ್ಕಾಗಿ 1893ರಲ್ಲಿ ಸ್ಥಾಪನೆಯಾದ ಗೇಲಿಕ್ ಲೀಗ್ ಸಂಘ ಪರದೇಶಿಯೆಂದು ದೂರವಿಟ್ಟಿತು. ಆದರೂ ಅವು ಹಳ್ಳಿಮನೆಗಳ ಅಡುಗೆಮನೆಗಳಲ್ಲಿ ಉಳಿದುಕೊಂಡವು. ಸಾರ್ವಜನಿಕ ನೃತ್ಯಶಾಲೆಗಳ ಕುರಿತ 1935ರ ಕಾಯಿದೆ ಈ ಮನೆಕೂಟಗಳಿಗೂ ಪೆಟ್ಟು ಕೊಟ್ಟಿತು. ‘ಮನೆಯೆಲ್ಲ ಸುತ್ತಿ, ಡ್ರೆಸ್ಸರ್ ಜೋಪಾನ’ ಎಂಬ ಹುರಿದುಂಬಿಸುವ ಕೂಗು ಆ ಅಡುಗೆಮನೆ ಕೂಟಗಳದ್ದು. ಡ್ರೆಸ್ಸರ್ ಎಂದರೆ ಪಿಂಗಾಣಿ ಪಾತ್ರೆಗಳನ್ನು ಜೋಡಿಸಿಟ್ಟ ಕಪಾಟು. ನಮ್ಮ ಲೆಕ್ಕದಲ್ಲಿ ಅದೇ ಸ್ಥಿರ ನಕ್ಷತ್ರ.

ಹೊಸಬರು ಮಾಡುವ ತಪ್ಪು ಈಗ ಸ್ಪಷ್ಟವಾಗುತ್ತದೆ. ಪ್ರತಿ ಬದಿಯಲ್ಲೂ ಡ್ರೆಸ್ಸರ್ ಮತ್ತೆ ಕಣ್ಣೆದುರು ಬರುವವರೆಗೆ ತಿರುಗಿದರೆ, ಮೊದಲ ಬದಿಯ ಕೊನೆಗೆ ಪುರುಷನ ಬೆನ್ನು ಕೇಂದ್ರಕ್ಕೆ, ಎರಡನೆಯದರ ಕೊನೆಗೆ ಬಲಭುಜ, ಮೂರನೆಯದರ ಕೊನೆಗೆ ಮುಖ. ನಾಲ್ಕನೆಯ ಬದಿ ಮುಗಿದಾಗ ಎಡಭುಜವೇ ಕೇಂದ್ರಕ್ಕೆ ಮರಳಿ ಎಲ್ಲವೂ ತಾನಾಗಿ ಸರಿಹೋಗುತ್ತದೆ! ಕಡೆಯಲ್ಲಿ ಸರಿಯಾಗುವ ತಪ್ಪನ್ನು ಪತ್ತೆಹಚ್ಚುವುದು ಕಷ್ಟ; ನಡುವೆ ಎದುರಾದ ಗೊಂದಲಕ್ಕೆ ಜೊತೆಗಾರರನ್ನೋ ವಾದ್ಯದವರನ್ನೋ ದೂಷಿಸುವುದು ಸುಲಭ.

ಈ ತಪ್ಪಿಗೆ ದೇಹ ತೆರುವ ಬೆಲೆಯೂ ಉಂಟು. ಅದೇ ಅವಧಿಯಲ್ಲಿ ಮೂರರ ಬದಲು ನಾಲ್ಕು ಸುತ್ತು ತಿರುಗಿದರೆ ವೇಗ ಮೂರನೆಯ ಒಂದು ಭಾಗದಷ್ಟು ಏರುತ್ತದೆ. ಜೋಡಿಯನ್ನು ಬಿಗಿಯಾಗಿ ಹಿಡಿದಿಡಲು ಬೇಕಾದ ಕೇಂದ್ರಾಭಿಮುಖ ಬಲ ಕೋನವೇಗದ (ತಿರುಗುವ ವೇಗದ) ವರ್ಗವನ್ನು ಅನುಸರಿಸುವುದರಿಂದ ಅದು 16/9 ಪಟ್ಟು, ಅಂದರೆ ಸುಮಾರು 1.8 ಪಟ್ಟು ಆಗುತ್ತದೆ. ತೋಳು ಸೋಲುವುದಕ್ಕೆ ಅಷ್ಟು ಸಾಕು. ಆದ್ದರಿಂದ ಮೊದಲು ಸಂಗೀತವಿಲ್ಲದೆ ನಡೆದು, ಪ್ರತಿ ಬದಿಯಲ್ಲೂ ಒಮ್ಮೆ ನಿಂತು, ಎಡಭುಜ ಕೇಂದ್ರದ ಕಡೆಗಿದೆಯೇ ಎಂದು ನೋಡಿಕೊಳ್ಳಬೇಕು. ಡ್ರೆಸ್ಸರ್ ಇರುವುದು ಡಿಕ್ಕಿ ಹೊಡೆಯದಿರಲು ಮಾತ್ರ, ಎಣಿಸಲು ಅಲ್ಲ.